ಪ್ಯಾರಫರ್ನೇಲಿಯಾಕ್ಕೆ ‘ಎಸ್’ ಬೇಕೆ?

“ಅಜ್ಜೀ, ಒಂದು ‘ಎಸ್’ ಅಕ್ಷರಕ್ಕೆ ನನ್ನ ಅರ್ಧ ಮಾರ್ಕು ಹೋಯ್ತು!”

ಶಾಲೆಯಿಂದ ಬಂದವಳೇ ಮೊಮ್ಮಗಳು ಚೀಲವನ್ನು ಒಂದು ಮೂಲೆಗೆ ಎಸೆದು, ಇಂಗ್ಲಿಷ್ ನೋಟ್‌ಬುಕ್ಕನ್ನು ನನ್ನ ಮಡಿಲಿಗೆ ಹಾಕಿದಳು. ಎಂಟನೇ ತರಗತಿಯ ಹುಡುಗಿ. ಬ್ಯಾಟು ಕೈಗೆ ಸಿಕ್ಕರೆ ಊಟದ ನೆನಪೂ ಇರುವುದಿಲ್ಲ. ‘ನನ್ನ ಮೆಚ್ಚಿನ ಆಟ’ ಎಂಬ ಪ್ರಬಂಧ ಬರೆದಿದ್ದಳು. ಭಾನುವಾರ ಬೆಳಿಗ್ಗೆ ಗೆಳತಿಯರೆಲ್ಲ ‘ಕ್ರಿಕೆಟ್ ಪ್ಯಾರಫರ್ನೇಲಿಯಾಸ್’ ಹೊತ್ತುಕೊಂಡು ಮೈದಾನಕ್ಕೆ ಹೋಗುತ್ತಾರಂತೆ. ಆ ಪದದ ಕೊನೆಯ ‘ಎಸ್’ ಸುತ್ತ ದುಂಡಗೆ ಕೆಂಪು ಶಾಯಿ.

“ಒಂದು ಬ್ಯಾಟ್, ಎರಡು ಬ್ಯಾಟ್ಸ್. ಒಂದು ಪ್ಯಾಡ್, ಎರಡು ಪ್ಯಾಡ್ಸ್. ನಾವು ಹೊತ್ತುಕೊಂಡು ಹೋಗೋದು ಒಂದು ರಾಶಿ ಸಾಮಾನು. ಹಾಗಿರುವಾಗ ಎಸ್ ಯಾಕೆ ಬೇಡ?”

ನ್ಯಾಯವಾದ ಪ್ರಶ್ನೆ. ನಾನೂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ಇಂಥ ಕೆಂಪು ಸುತ್ತು ಎಷ್ಟು ಹಾಕಿದ್ದೇನೋ ಲೆಕ್ಕವಿಲ್ಲ. ಕಾರಣ ಹೇಳದೆ ಹಾಕಿದವೇ ಹೆಚ್ಚು. ಆ ಸಾಲವನ್ನು ಇವತ್ತಾದರೂ ತೀರಿಸೋಣ ಅನ್ನಿಸಿತು.

“ಕೈಕಾಲು ತೊಳೆದು ತಿಂಡಿ ತಿನ್ನು. ಆಮೇಲೆ ಅಟ್ಟದ ಮೇಲಿನ ಹಸಿರು ಟ್ರಂಕು ಇಳಿಸೋಣ” ಅಂದೆ.

“ಎಸ್‌ಗೂ ಟ್ರಂಕಿಗೂ ಏನಜ್ಜಿ ಸಂಬಂಧ?”

“ಇದೆ. ಮೊದಲು ತಿಂಡಿ.”

ಗಣಪತಿ ಹಬ್ಬದ ಪೆಟ್ಟಿಗೆ

ತಿಂಡಿ ತಿನ್ನುತ್ತಿದ್ದವಳಿಗೆ ಮೊದಲು ಅರ್ಥ ಹೇಳಿದೆ. ನಮ್ಮ ಮನೆಯಲ್ಲಿ ಗಣಪತಿ ಹಬ್ಬದ ಪೆಟ್ಟಿಗೆ ಅಂತ ಒಂದಿದೆ. ವರ್ಷಕ್ಕೊಮ್ಮೆ ಕೆಳಗಿಳಿಯುತ್ತದೆ. ಮಂಟಪದ ಕಡ್ಡಿಗಳು, ಬಣ್ಣದ ಕಾಗದ, ಮಿಣುಕುದೀಪದ ಸರ, ಗಂಟೆ, ಹಲಗಾರತಿ, ಅರ್ಧ ಉರಿದ ಕರ್ಪೂರದ ಡಬ್ಬಿ, ಯಾವುದಕ್ಕೆಂದು ಯಾರಿಗೂ ಗೊತ್ತಿಲ್ಲದ ಎರಡು ಕೊಕ್ಕೆ, ಎಲ್ಲ ಅದರಲ್ಲಿವೆ. ಇವೆಲ್ಲವೂ ಸೇರಿ ಹಬ್ಬದ ಪ್ಯಾರಫರ್ನೇಲಿಯಾ. ಒಂದು ಕೆಲಸಕ್ಕೋ ಆಟಕ್ಕೋ ಆಚರಣೆಗೋ ಬೇಕಾಗುವ ದೊಡ್ಡದು ಚಿಕ್ಕದು ಎಲ್ಲ ಸಲಕರಣೆಗಳ ಒಟ್ಟು ಹೆಸರು ಅದು. ನಾವು ಆಡುಮಾತಿನಲ್ಲಿ ‘ಸಾಮಾನು ಸರಂಜಾಮು’ ಅನ್ನುತ್ತೇವಲ್ಲ, ಅದಕ್ಕೆ ಇದು ತುಂಬ ಹತ್ತಿರ. ಸಾಮಾನು, ಸರಂಜಾಮು ಎರಡೂ ಪಾರಸಿಯಿಂದ ಬಂದು ನಮ್ಮ ಮನೆಯವೇ ಆಗಿಬಿಟ್ಟ ಪದಗಳು.

‘ಎಕ್ವಿಪ್‌ಮೆಂಟ್’ ಅಂದರೂ ಸಲಕರಣೆಯೇ. ಆದರೆ ಅದು ಶಿಸ್ತಿನ ಪದ. ಆಸ್ಪತ್ರೆಗೆ, ಪ್ರಯೋಗಾಲಯಕ್ಕೆ ಸರಿಹೋಗುತ್ತದೆ. ಪ್ಯಾರಫರ್ನೇಲಿಯಾದಲ್ಲಿ ಆ ಎರಡು ಕೊಕ್ಕೆಗಳಿಗೂ ಜಾಗವಿದೆ. ಕೆಲವೊಮ್ಮೆ “ಏನು ಇಷ್ಟೆಲ್ಲ ಗಂಟುಮೂಟೆ!” ಎಂಬ ಸಣ್ಣ ತಾತ್ಸಾರವೂ ಆ ಪದದೊಳಗೆ ಇರುತ್ತದೆ. ಈ ತಾತ್ಸಾರವನ್ನು ನೆನಪಿಟ್ಟುಕೊ ಅಂದೆ. ಆಮೇಲೆ ಅದರ ಕೆಲಸವಿತ್ತು.

ಆಗಲೇ ಬಹುವಚನ

ಇನ್ನು ಎಸ್ ವಿಚಾರ. ಲ್ಯಾಟಿನ್ ಭಾಷೆಯಲ್ಲಿ ನಪುಂಸಕಲಿಂಗದ ಪದಗಳು ಬಹುವಚನವಾಗುವಾಗ ‘ಆ’ ಎಂಬ ಸ್ವರದಲ್ಲಿ ಮುಗಿಯುತ್ತವೆ. ಒಂದು ಬ್ಯಾಕ್ಟೀರಿಯಂ, ಹಲವು ಬ್ಯಾಕ್ಟೀರಿಯಾ. ಒಂದು ಮೀಡಿಯಂ, ಹಲವು ಮೀಡಿಯಾ. ಒಂದು ಡೇಟಂ, ಹಲವು ಡೇಟಾ. ಪ್ಯಾರಫರ್ನೇಲಿಯಾ ಕೂಡ ಇದೇ ಸಾಲಿನದು. ಅದು ಹುಟ್ಟುವಾಗಲೇ ಬಹುವಚನ. ಅದಕ್ಕೆ ಮತ್ತೊಂದು ಎಸ್ ಹಚ್ಚುವುದೆಂದರೆ ‘ಮಕ್ಕಳುಗಳುಗಳು’ ಅಂದ ಹಾಗೆ.

“ಹಾಗಾದರೆ ಏಕವಚನ ಎಲ್ಲಿ?”

ಲ್ಯಾಟಿನ್ನಿನಲ್ಲಿ ಇತ್ತು. ಇಂಗ್ಲಿಷಿಗೆ ಬರುವಾಗ ಅದು ಜೊತೆಗೆ ಬರಲಿಲ್ಲ. ಒಂದೇ ವಸ್ತುವಿನ ಬಗ್ಗೆ ಹೇಳಬೇಕಾದರೆ ಆ ವಸ್ತುವಿನ ಹೆಸರನ್ನೇ ಹೇಳಬೇಕು: ಬ್ಯಾಟ್, ಗ್ಲೌಸ್. ಹಿಂದೆ ಬರುವ ಕ್ರಿಯಾಪದ ‘ಈಸ್’ ಆದರೂ ಸರಿ, ‘ಆರ್’ ಆದರೂ ಸರಿ. ಇಂಗ್ಲಿಷಿನ ಒಳ್ಳೆಯ ಬರಹಗಾರರು ಎರಡನ್ನೂ ಬಳಸುತ್ತಾರೆ. ನಾವು “ಸಾಮಾನು ಬಂತು” ಅನ್ನುವುದೂ ಉಂಟು, “ಸಾಮಾನುಗಳು ಬಂದವು” ಅನ್ನುವುದೂ ಉಂಟಲ್ಲ, ಹಾಗೆ.

ಈ ಪದದ ನೆಂಟರಿಷ್ಟರನ್ನೂ ಪರಿಚಯ ಮಾಡಿಸಿದೆ. ಎಕ್ವಿಪ್‌ಮೆಂಟ್, ಫರ್ನಿಚರ್, ಲಗೇಜ್ ಈ ಮೂವರಿಗೂ ಎಸ್ ಸೇರುವುದಿಲ್ಲ. ಅವು ಎಣಿಸುವ ಪದಗಳಲ್ಲ. ಒಂದೊಂದಾಗಿ ಎಣಿಸಲೇಬೇಕಾದರೆ ‘ಪೀಸ್’ ಸೇರಿಸಿ ಎಣಿಸಬೇಕು. ಪ್ರಯೋಗಾಲಯದ ‘ಅಪರೇಟಸ್’ ಮಾತ್ರ ಎಣಿಕೆಗೆ ಸಿಗುತ್ತದೆ. ಅದರ ಬಹುವಚನ ‘ಅಪರೇಟಸಸ್’, ಇಲ್ಲವೇ ಹಾಗೇ ‘ಅಪರೇಟಸ್’. ರೇಡಿಯಸ್ ಇದ್ದದ್ದು ರೇಡಿಯೈ ಆಗುತ್ತದೆಂದು ಕೆಲವರು ಜಾಣತನದಿಂದ ‘ಅಪರೇಟೈ’ ಅನ್ನುತ್ತಾರೆ. ಅದು ತಪ್ಪು. ಲ್ಯಾಟಿನ್ನಿನಲ್ಲಿ ಈ ಎರಡು ಪದಗಳ ಗುಂಪೇ ಬೇರೆ ಬೇರೆ.

ಮೊಮ್ಮಗಳ ಮುಖದಲ್ಲಿ ಅರ್ಧ ಮಾರ್ಕಿನ ಸಿಟ್ಟು ಇಳಿದಿತ್ತು. ಟ್ರಂಕು ಇಳಿಸುವ ಹೊತ್ತಾಗಿತ್ತು.

ಮದುಮಗಳು ಹೊತ್ತು ತಂದದ್ದು

ಈ ಪದ ಲ್ಯಾಟಿನ್ನಿಗೆ ಬಂದದ್ದು ಗ್ರೀಕ್ ಭಾಷೆಯಿಂದ. ಅದರಲ್ಲಿ ಎರಡು ತುಂಡುಗಳಿವೆ. ‘ಪಾರಾ’ ಅಂದರೆ ಪಕ್ಕದಲ್ಲಿ, ಅದರಾಚೆ. ಪ್ಯಾರಲಲ್ ಗೆರೆಗಳು ಒಂದರ ಪಕ್ಕದಲ್ಲೊಂದು ಓಡುತ್ತವಲ್ಲ, ಅಲ್ಲಿರುವುದೂ ಇದೇ ಪಾರಾ. ‘ಫೆರ್ನೆ’ ಅಂದರೆ ಮದುಮಗಳು ತವರಿನಿಂದ ಹೊತ್ತು ತರುವ ಸ್ವತ್ತು, ನಮ್ಮ ಬಳುವಳಿಯಂಥದ್ದು. ಎರಡೂ ಸೇರಿ ‘ಪಾರಾಫೆರ್ನ’, ಅಂದರೆ ಬಳುವಳಿಯ ಪಕ್ಕದಲ್ಲಿ, ಅದರ ಲೆಕ್ಕಕ್ಕೆ ಸೇರದೆ ಬಂದದ್ದು.

“ಬ್ಯಾಟು ಪ್ಯಾಡಿಗೂ ಮದುಮಗಳಿಗೂ ಏನು ಸಂಬಂಧ?” ಎಂದು ಹುಡುಗಿ ನಕ್ಕಳು.

ಆ ಕಾಲದಲ್ಲಿ ಈ ಎರಡು ಗಂಟುಗಳ ನಡುವೆ ದೊಡ್ಡ ವ್ಯತ್ಯಾಸವಿತ್ತು. ರೋಮನ್ನರಲ್ಲಿ ಬಳುವಳಿಯ ಗಂಟು ಮದುವೆ ಇರುವಷ್ಟು ಕಾಲ ಗಂಡನ ಕೈಯಲ್ಲಿ ಇರುತ್ತಿತ್ತು. ಪಕ್ಕದ ಗಂಟು ಹೆಂಡತಿಯದು. ಅವಳು ಉಡುವ ಬಟ್ಟೆ, ತೊಡುವ ಒಡವೆ, ದಿನವೂ ಬಳಸುವ ಪಾತ್ರೆ ಎಲ್ಲ ಅದರಲ್ಲಿ. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ರೋಮನ್ ಕಾಲದ ಮದುವೆಯ ಕರಾರುಪತ್ರಗಳಲ್ಲಿ ಇಂಥ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿರುವುದನ್ನು ಇವತ್ತಿಗೂ ಓದಬಹುದು.

ಕ್ರಿ.ಶ. 3ನೇ ಶತಮಾನದ ಆರಂಭದಲ್ಲಿದ್ದ ಉಲ್ಪಿಯನ್ ಎಂಬ ರೋಮನ್ ನ್ಯಾಯಶಾಸ್ತ್ರಜ್ಞ ಈ ಗ್ರೀಕ್ ಪದವನ್ನು ಹೆಸರಿಸಿ ಒಂದು ರೂಢಿಯನ್ನು ವಿವರಿಸಿದ್ದಾನೆ. ಹೆಂಡತಿ ತನ್ನ ವಸ್ತುಗಳ ಪಟ್ಟಿ ಮಾಡುತ್ತಿದ್ದಳು. ಗಂಡ ಅದರ ಕೆಳಗೆ ಸಹಿ ಹಾಕುತ್ತಿದ್ದ. ಇವೆಲ್ಲ ಇವಳು ಈ ಮನೆಗೆ ತಂದದ್ದು ಎಂಬುದಕ್ಕೆ ಆ ಪಟ್ಟಿಯೇ ರಸೀದಿ. ಅದು ಹೆಂಡತಿಯ ಬಳಿಯೇ ಉಳಿಯುತ್ತಿತ್ತು. 533ರಲ್ಲಿ ಜಸ್ಟೀನಿಯನ್ ಚಕ್ರವರ್ತಿಯ ಕಾಲದಲ್ಲಿ ಸಿದ್ಧವಾದ ‘ಡೈಜೆಸ್ಟ್’ ಎಂಬ ಕಾನೂನು ಸಂಗ್ರಹದಲ್ಲಿ ಉಲ್ಪಿಯನ್ನನ ಈ ಮಾತು ಉಳಿದುಕೊಂಡಿದೆ.

ಇಷ್ಟು ಹೇಳಿ ನಾನು ಟ್ರಂಕಿನ ಮುಚ್ಚಳ ತೆರೆದೆ. ಒಳಗಡೆ, ಮುಚ್ಚಳಕ್ಕೆ ಗೋಂದು ಹಚ್ಚಿ ಅಂಟಿಸಿದ ಒಂದು ಹಳದಿ ಕಾಗದ.

ನನ್ನಮ್ಮನ ಪಟ್ಟಿ

ಅದು ನನ್ನಮ್ಮನ ಮದುವೆಯ ಟ್ರಂಕು. ಅಮ್ಮನ ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ಮಗನನ್ನು ಕೂರಿಸಿಕೊಂಡು ಹೇಳಿ ಬರೆಸಿದ್ದಳು. ಸೋದರಮಾವನ ಗುಂಡು ಅಕ್ಷರ ಮಾಸಿದ್ದರೂ ಓದಲು ಬರುತ್ತದೆ: ತಾಮ್ರದ ಹಂಡೆ 1, ಹಿತ್ತಾಳೆ ಬಿಂದಿಗೆ 2, ಕಂಚಿನ ತಟ್ಟೆ 2, ಬೆಳ್ಳಿಯ ಕುಂಕುಮದ ಬಟ್ಟಲು 1, ರೇಷ್ಮೆ ಸೀರೆ 3, ಜಡೆಬಿಲ್ಲೆ 1, ಎರಡೆಳೆ ಸರ 1.

ಕಾನೂನು ಪುಸ್ತಕ ನೋಡಿ ಯಾರೂ ಇದನ್ನು ಬರೆಸಿದ್ದಲ್ಲ. ತುಂಬಿದ ಮನೆಗೆ ಹೋಗುವ ಮಗಳ ವಸ್ತು ಯಾವುದೆಂದು ಗುರುತು ಇರಲಿ ಎಂಬ ತಾಯಿಯ ಎಚ್ಚರ ಅಷ್ಟೆ. ಆ ಎಚ್ಚರ ಒಂದು ದಿನ ಕೆಲಸಕ್ಕೆ ಬಂತು. ನನಗಾಗ ಒಂಬತ್ತೋ ಹತ್ತೋ ವರ್ಷ. ಅಪ್ಪ ಮತ್ತು ಅವರ ಅಣ್ಣತಮ್ಮಂದಿರು ಪಾಲಾದರು. ಮನೆಯ ಪಾತ್ರೆಯೆಲ್ಲ ಅಂಗಳದಲ್ಲಿ ರಾಶಿ ಬಿದ್ದಿತ್ತು. ತಾಮ್ರದ ಹಂಡೆಯನ್ನೂ ಯಾರೋ ಆ ರಾಶಿಗೆ ಸೇರಿಸಿದರು. ಅಮ್ಮ ಜೋರಾಗಿ ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಆವತ್ತೂ ಮಾತಾಡಲಿಲ್ಲ. ಒಳಗಿನಿಂದ ಟ್ರಂಕನ್ನು ಎಳೆದು ತಂದು, ಮುಚ್ಚಳ ತೆರೆದು, ಪಕ್ಕಕ್ಕೆ ನಿಂತುಕೊಂಡಳು. ಪಂಚಾಯ್ತಿಗೆ ಬಂದಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ಓದಿದರು. ಹಂಡೆ ರಾಶಿಯಿಂದ ಈಚೆ ಬಂತು.

“ಅಜ್ಜೀ, ಈ ಕೊನೆಯ ಸಾಲನ್ನು ಯಾಕೆ ಹೊಡೆದು ಹಾಕಿದೆ?”

ಎರಡೆಳೆ ಸರದ ಮೇಲೆ ಪೆನ್ಸಿಲಿನ ಒಂದು ಗೆರೆ ಇದೆ. ಪಕ್ಕದಲ್ಲಿ, ದೊಡ್ಡವಳಾದ ಮೇಲೆ ಅಕ್ಷರ ಕಲಿತ ಅಮ್ಮನ ಸೊಟ್ಟ ಬರಹದಲ್ಲಿ ಎರಡೇ ಪದ: ‘ಮಗಳ ಕಾಲೇಜಿಗೆ’.

ನಾನು ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಆ ವರ್ಷ ಮಳೆ ಇಲ್ಲ, ಮನೆಯಲ್ಲಿ ದುಡ್ಡಿಲ್ಲ. ಹೆಣ್ಣುಮಗಳಿಗೆ ಇಷ್ಟು ಓದು ಸಾಕು ಎಂದವರೇ ಎಲ್ಲ. ಸರ ಕೊಡು ಎಂದು ಅಪ್ಪ ಕೇಳಲಿಲ್ಲ. ಅಮ್ಮನೇ ಬಿಚ್ಚಿ ಕೊಟ್ಟಳು. “ಇದು ನಂದು, ಯಾರನ್ನೂ ಕೇಳಬೇಕಾಗಿಲ್ಲ” ಅಂದಳು. ನಾನು ಕಲಿತ ಇಂಗ್ಲಿಷ್, ಕಲಿಸಿದ ಇಂಗ್ಲಿಷ್, ಹಾಕಿದ ಕೆಂಪು ಸುತ್ತುಗಳು, ಎಲ್ಲದರ ಬೆಲೆ ಆ ಗೆರೆಯ ಕೆಳಗಿದೆ.

ಪದ ಸವೆದ ಬಗೆ

ಪ್ಯಾರಫರ್ನೇಲಿಯಾ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ನಡುಭಾಗದಲ್ಲಿ, ಕಾನೂನಿನ ಪದವಾಗಿ. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣ, ಒಡವೆ, ದನಕರು ಮೊದಲಾದ ಚರಾಸ್ತಿಯೆಲ್ಲ ಗಂಡನದಾಗುತ್ತಿತ್ತು. ಸ್ವಲ್ಪ ವಿನಾಯಿತಿ ಇದ್ದದ್ದು ಅವಳ ಅಂತಸ್ತಿಗೆ ತಕ್ಕ ಉಡುಪು ಒಡವೆಗಳಿಗೆ ಮಾತ್ರ. ಅದೇ ಅವಳ ಪ್ಯಾರಫರ್ನೇಲಿಯಾ. ಅದೂ ಅರೆಬರೆ ಹಕ್ಕು. 1765ರಿಂದ 1769ರವರೆಗೆ ಇಂಗ್ಲೆಂಡಿನ ಕಾನೂನುಗಳ ಬಗ್ಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿದ ವಿಲಿಯಂ ಬ್ಲ್ಯಾಕ್‌ಸ್ಟೋನ್ ಇದನ್ನು ವಿವರಿಸಿದ್ದಾನೆ. ಗಂಡ ಬದುಕಿರುವಾಗ ಹೆಂಡತಿಯ ಆಭರಣಗಳನ್ನು ಮಾರಬಹುದಿತ್ತು. ಉಯಿಲು ಬರೆದು ಬೇರೆಯವರಿಗೆ ಕೊಡುವಂತಿರಲಿಲ್ಲ. ಅವನು ಸತ್ತ ಮೇಲೆ ಉಳಿದಿದ್ದರೆ ಅವು ಅವಳವು.

ಅಂದರೆ ಬ್ಲ್ಯಾಕ್‌ಸ್ಟೋನ್ ಹೇಳಿದ ಆ ಮನೆಯಲ್ಲಿ ನನ್ನಮ್ಮ “ಇದು ನಂದು” ಅನ್ನಲು ಗಂಡ ಸಾಯುವವರೆಗೆ ಕಾಯಬೇಕಿತ್ತು.

ಅದೇ 18ನೇ ಶತಮಾನದಲ್ಲಿ ಪದ ನ್ಯಾಯಾಲಯದಿಂದ ಬೀದಿಗಿಳಿಯಿತು. ಹೆಂಗಸಿನ ಸ್ವಂತ ವಸ್ತುಗಳು ಎಂಬ ಅರ್ಥ ಸಡಿಲವಾಗಿ ಯಾರದೇ ಚಿಲ್ಲರೆ ಸಾಮಾನು ಎಂದಾಯಿತು. ಅಲ್ಲಿಂದ ಮುಂದೆ ಯಾವುದೇ ಕೆಲಸದ ಸಲಕರಣೆ ಎಂದಾಯಿತು. ವಿವಾಹಿತ ಸ್ತ್ರೀಯರ ಆಸ್ತಿಯ ಬಗ್ಗೆ 1870ರಲ್ಲಿ ಒಂದು ಕಾಯಿದೆ ಬಂದು, ಹೆಂಡತಿ ದುಡಿದ ಸಂಬಳ ಅವಳದೇ ಎಂದಿತು. 1882ರ ಕಾಯಿದೆ ಅವಳಿಗೆ ತನ್ನ ಎಲ್ಲ ಆಸ್ತಿಯನ್ನೂ ತಾನೇ ಇಟ್ಟುಕೊಳ್ಳುವ ಹಕ್ಕು ಕೊಟ್ಟಿತು. ಪ್ಯಾರಫರ್ನೇಲಿಯಾ ಎಂಬ ವಿನಾಯಿತಿಯ ಅಗತ್ಯ ಕಡಿಮೆಯಾಯಿತು. ಹಳೆಯ ಅರ್ಥ ಹೋಗಿ ಬ್ಯಾಟು ಪ್ಯಾಡು ಉಳಿಯಿತು. ಅದರೊಂದಿಗೆ ಆ ಸಣ್ಣ ತಾತ್ಸಾರವೂ ಉಳಿಯಿತು. ಒಬ್ಬಳು ನನ್ನದು ಎಂದುಕೊಂಡದ್ದನ್ನು ಬೇರೆಯವರು ಚಿಲ್ಲರೆ ಸಾಮಾನು ಎಂದುಕೊಂಡರೇನೋ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ.

ನಮ್ಮ ಮನೆಯ ನೆಂಟರು

ಆ ಗ್ರೀಕ್ ‘ಫೆರ್ನೆ’ಯ ಬೇರು ‘ಫೆರ್’, ಅಂದರೆ ಹೊರು, ತರು. ಸಂಸ್ಕೃತದಲ್ಲಿ ಇದೇ ಬೇರು ‘ಭೃ’ ಆಗಿದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ, ಇಂಗ್ಲಿಷ್ ಇವೆಲ್ಲ ಒಂದೇ ಭಾಷಾಕುಟುಂಬಕ್ಕೆ ಸೇರಿದವು. ಸಂಸ್ಕೃತದ ‘ಭ’ ಗ್ರೀಕಿನಲ್ಲಿ ‘ಫ’ ಆಗುತ್ತದೆ, ಇಂಗ್ಲಿಷಿನಲ್ಲಿ ‘ಬ’ ಆಗುತ್ತದೆ. ಭ್ರಾತೃವಿಗೆ ಇಂಗ್ಲಿಷಿನಲ್ಲಿ ಬ್ರದರ್ ಇರುವುದು ಹಾಗೆಯೇ.

‘ಭೃ’ ಧಾತುವಿನಿಂದ ಹುಟ್ಟಿ ನಮ್ಮ ಕನ್ನಡಕ್ಕೆ ಬಂದ ಪದಗಳನ್ನು ನೋಡಿ. ಹೊರುವುದು ಭಾರ. ತೊಡುವುದು ಆಭರಣ. ಪೋಷಣೆಗೆ ಅರ್ಹಳಾದವಳು ಭಾರ್ಯೆ. ಮದುಮಗಳು ಹೊತ್ತು ತರುತ್ತಾಳೆ ಎನ್ನುತ್ತದೆ ಗ್ರೀಕ್. ಗಂಡ ಹೆಂಡತಿಯನ್ನು ಹೊರುತ್ತಾನೆ ಎನ್ನುತ್ತದೆ ಸಂಸ್ಕೃತ. ಯಾರು ಯಾರನ್ನು ಹೊರುತ್ತಾರೆ ಎಂಬುದು ಮನೆಮನೆಯ ಕಥೆ, ನಾನು ಬಾಯಿ ಹಾಕುವುದಿಲ್ಲ! ಇನ್ನೊಂದು ಪದ ‘ಸಂಭಾರ’. ಯಜ್ಞಕ್ಕೋ ಪೂಜೆಗೋ ಬೇಕಾದ ಸಲಕರಣೆಗಳನ್ನೆಲ್ಲ ಒಟ್ಟುಗೂಡಿಸಿದರೆ ಅದು ಸಂಭಾರ. ಅರ್ಥದಲ್ಲೂ ಬೇರಿನಲ್ಲೂ ಅದು ಪ್ಯಾರಫರ್ನೇಲಿಯಾದ ಸೋದರಿ.

ಪದ ಮಾತ್ರವಲ್ಲ, ವಿಚಾರವೂ ನಮ್ಮಲ್ಲಿತ್ತು. ಅದರ ಹೆಸರು ಸ್ತ್ರೀಧನ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಎಂದು ಪಟ್ಟಿ ಹೇಳಿ, ಕೊನೆಗೆ ‘ಆದ್ಯ’, ಅಂದರೆ ‘ಮುಂತಾದ’ ಎಂಬ ಒಂದು ಪುಟ್ಟ ಪದ ಇಡಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆ ಪುಟ್ಟ ಪದವನ್ನೇ ಹಿಡಿದುಕೊಂಡ. ಮುಂತಾದ ಎಂದರೆ ಅವಳಿಗೆ ವಾರಸಾಗಿ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಸ್ತ್ರೀಧನವೇ ಎಂದ. ಒಂದು ಸಣ್ಣ ಪದದ ಬಾಗಿಲನ್ನು ಅಷ್ಟು ಅಗಲ ತೆರೆದವನು ಕನ್ನಡ ನಾಡಿನಲ್ಲಿ ಕುಳಿತು ಬರೆದ ಪಂಡಿತ.

ಬರೆದದ್ದೆಲ್ಲ ಮನೆಗಳಲ್ಲಿ ನಡೆಯಲಿಲ್ಲ ಅನ್ನುವುದೂ ನಿಜ. ಕಾಯಿದೆಗಳು ಒಂದೊಂದಾಗಿ ಬರಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಆಸ್ತಿಹಕ್ಕಿನ ಕಾನೂನು ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಪಾಲು ಎಂಬುದು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ದೇಶಕ್ಕೆಲ್ಲ ಅನ್ವಯಿಸಿದ್ದು 2005ರಲ್ಲಿ. ವರದಕ್ಷಿಣೆ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು 1961ರಿಂದ ಅಪರಾಧ. ಮದುವೆಯಲ್ಲಿ ಪ್ರೀತಿಯಿಂದ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಿ ವಧೂವರರು ಸಹಿ ಹಾಕಿ ಇಟ್ಟುಕೊಳ್ಳಬೇಕು ಎಂಬ ನಿಯಮ 1985ರಲ್ಲಿ ಬಂತು. ಉಲ್ಪಿಯನ್ ಹೇಳಿದ ಪಟ್ಟಿ, ಟ್ರಂಕಿನ ಮುಚ್ಚಳದ ಪಟ್ಟಿ, ಈ ನಿಯಮದ ಪಟ್ಟಿ, ಮೂರರಲ್ಲೂ ಇರುವ ಭಯ ಒಂದೇ, ಎಚ್ಚರವೂ ಒಂದೇ.

ಎಸ್ ಇಲ್ಲದ ಪಟ್ಟಿ

ಕತ್ತಲಾಗಿತ್ತು. ಟ್ರಂಕನ್ನು ಮುಚ್ಚಲು ಹೋದೆ. “ಇರಜ್ಜಿ” ಎಂದು ಹುಡುಗಿ ಆ ಪೆನ್ಸಿಲ್ ಗೆರೆಯ ಮೇಲೆ ಬೆರಳಾಡಿಸಿದಳು.

“ಮಾರಿಬಿಟ್ಟ ಸರವೂ ಮುತ್ತಜ್ಜಿಯ ಪ್ಯಾರಫರ್ನೇಲಿಯಾದಲ್ಲಿ ಲೆಕ್ಕವೇ?”

“ಲೆಕ್ಕವೇ. ತನ್ನದಾದ್ದರಿಂದಲೇ ಅಲ್ಲವೇ ಅವಳು ಅದನ್ನು ಕೊಡಲು ಸಾಧ್ಯವಾದದ್ದು?”

ರಾತ್ರಿ ಊಟಕ್ಕೆ ಕರೆಯಲು ಹೋದಾಗ ಅವಳ ಕ್ರಿಕೆಟ್ ಚೀಲ ತೆರೆದಿತ್ತು. ಒಳಮೈಗೆ ಟೇಪಿನಿಂದ ಒಂದು ಕಾಗದ ಅಂಟಿಸಿದ್ದಳು. ಬ್ಯಾಟು 1, ಪ್ಯಾಡು 2, ಗ್ಲೌಸು 2, ಹೆಲ್ಮೆಟ್ 1, ಚೆಂಡು 3 (ಒಂದು ಪಕ್ಕದ ಮನೆಯ ಮಾಳಿಗೆ ಮೇಲಿದೆ). ಮೇಲ್ಗಡೆ ದಪ್ಪ ಅಕ್ಷರದಲ್ಲಿ ತಲೆಬರಹ: ‘ನನ್ನ ಪ್ಯಾರಫರ್ನೇಲಿಯಾ’.

ಎಸ್ ಇರಲಿಲ್ಲ.

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲೂ ಒಂದು ಹಳೆಯ ಟ್ರಂಕು ಇರಬಹುದು. ಈ ಭಾನುವಾರ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆರೆಯಿರಿ. ಒಂದೊಂದು ವಸ್ತುವನ್ನೂ ಎತ್ತಿ, ಇದು ಯಾರದು, ಎಲ್ಲಿಂದ ಬಂತು ಎಂದು ಕೇಳಿ ಬರೆದಿಡಿ. ಅಲ್ಲಿಲ್ಲದ ವಸ್ತುಗಳ ಬಗ್ಗೆಯೂ ಮರೆಯದೆ ಕೇಳಿ.